ಯಾವ ಡಬ್ಬಿಯ ದುಡ್ಡು?

ನಮ್ಮ ಅಮ್ಮನ ಅಡುಗೆಮನೆಯಲ್ಲಿ ಒಂದು ಸಾಸಿವೆ ಡಬ್ಬಿ ಇತ್ತು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಉಳಿಸಿದ ಚಿಲ್ಲರೆ, ನಾಲ್ಕು ಮಡಿಕೆಯಾಗಿ ಮಡಿಸಿದ ಒಂದೆರಡು ನೋಟು ಅದರ ತಳದಲ್ಲಿ ಸದಾ ಇರುತ್ತಿದ್ದವು. ನಮ್ಮ ಪರೀಕ್ಷೆಯ ಫೀಸು ಎಷ್ಟೋ ಸಲ ಅಲ್ಲಿಂದಲೇ ಬಂದದ್ದು. ಅಕ್ಕಿಗೆ ಒಂದು ಡಬ್ಬಿ, ಹಾಲಿಗೆ ಒಂದು, ಹಬ್ಬಕ್ಕೆ ಒಂದು ಎಂದು ಆಕೆ ದುಡ್ಡನ್ನು ಬೇರೆ ಬೇರೆ ಇಡುತ್ತಿದ್ದಳು. ಕೈಯೆತ್ತಿ ಕೊಡುವುದು ದೊಡ್ಡದಲ್ಲ, ಯಾವ ಡಬ್ಬಿಯಿಂದ ತೆಗೆದು ಕೊಟ್ಟೆ ಅನ್ನುವುದು ನೆನಪಿರಬೇಕು ಎಂದು ಹೇಳುತ್ತಿದ್ದಳು.

ಈ ಮಾತು ನನಗೆ ಮತ್ತೆ ನೆನಪಾದದ್ದು ನಮ್ಮ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಕೊಠಡಿಯಲ್ಲಿ. 2023ರಲ್ಲಿ ರಾಜ್ಯದಲ್ಲಿ ಗ್ಯಾರಂಟಿ ಯೋಜನೆಗಳು ಒಂದೊಂದಾಗಿ ಶುರುವಾದವು. ಜೂನ್‌ನಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ, ಆಗಸ್ಟ್‌ನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ. ನಮ್ಮ ಕೊಠಡಿಯಲ್ಲಿ ಚಹಾದ ಜೊತೆಗೆ ಒಂದೇ ಮಾತು: 'ಎಲ್ಲಾ ಬಿಟ್ಟಿ ಆಗಿಹೋಯ್ತು.' ಆ ಮಾತಿಗೆ ನಾನೂ ತಲೆಯಾಡಿಸಿದ್ದೆ. ಆದಾಯ ತೆರಿಗೆ ಕಟ್ಟುವವರ ಮನೆಗೆ ಗೃಹಲಕ್ಷ್ಮಿ ಬರುವುದಿಲ್ಲವಾದ್ದರಿಂದ ಹಾಗೆ ಅನ್ನುವುದು ನಮಗೆ ಸುಲಭವೂ ಆಗಿತ್ತು.

ಬಾಗಿಲಲ್ಲಿ ಲೋಟಗಳನ್ನು ತೆಗೆದುಕೊಳ್ಳಲು ನಿಂತಿದ್ದ ಬಿಸಿಯೂಟದ ಅಡುಗೆಯಾಕೆ ಅದನ್ನು ಕೇಳಿಸಿಕೊಂಡಳು. ಮಾರನೆಯ ದಿನ ಪಾತ್ರೆ ತೊಳೆಯುತ್ತಾ ನನ್ನನ್ನು ಕೇಳಿದಳು: 'ಟೀಚರ್, ನನ್ನ ಕೈಗೆ ಎರಡು ಸಾವಿರ ಬರ್ತದೆ. ನಮ್ಮ ಯಜಮಾನರ ಕೈಯಿಂದ ಅದಕ್ಕಿಂತ ಜಾಸ್ತಿ ಬ್ರಾಂದಿ ಅಂಗಡಿಗೆ ಹೋಗ್ತದೆ. ಸರ್ಕಾರ ನಂಗೆ ಕೊಡ್ತಾ ಇದೆಯೋ, ನಮ್ಮನೇದನ್ನೇ ಈಸ್ಕೊಂಡು ವಾಪಸ್ ಕೊಡ್ತಾ ಇದೆಯೋ? ನೀವು ಲೆಕ್ಕ ಬಲ್ಲೋರು, ಹೇಳಿ.'

ನಾನು ಸಮಾಜ ಪಾಠ ಮಾಡುವವಳು. ಆದರೂ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪತ್ರಿಕೆಯಲ್ಲಿ ಬಂದಿದ್ದ ಬಜೆಟ್ಟಿನ ಪುಟಗಳನ್ನು ಹರವಿಕೊಂಡು ಕೂತೆ. ಮುಂದಿನ ವರ್ಷವೂ ಹಾಗೆಯೇ ಕೂತೆ. 2024–25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ ರೂಪಾಯಿ. ಅದರಲ್ಲಿ ಗೃಹಲಕ್ಷ್ಮಿಯ ಪಾಲೇ 28,608 ಕೋಟಿ. ಅದೇ ವರ್ಷ ಅಬಕಾರಿಯಿಂದ ಬರಬೇಕೆಂದು ಇಟ್ಟುಕೊಂಡ ಗುರಿ 38,525 ಕೋಟಿ. ಅಂದರೆ ಯಜಮಾನಿಯರಿಗೆ ಕೊಡುವುದಕ್ಕಿಂತ ಹೆಚ್ಚು ದುಡ್ಡು ಬಾಟಲಿಯಿಂದ ಬರಬೇಕಿತ್ತು.

ಬೊಕ್ಕಸಕ್ಕೆ ಬಿದ್ದ ರೂಪಾಯಿಗೆ ಹೆಸರು ಬರೆದಿರುವುದಿಲ್ಲ. ಈ ನೋಟು ಮದ್ಯದ್ದು, ಇದು ಪೆಟ್ರೋಲಿನದು ಎಂದು ಬೇರ್ಪಡಿಸಲಾಗದು. ಗ್ಯಾರಂಟಿಗಳು ಬರುವ ಎಷ್ಟೋ ಮೊದಲಿನಿಂದಲೂ ಅಬಕಾರಿ ಇದೆ. ಆದರೆ ರಾಜ್ಯದ ಕಷ್ಟವನ್ನೂ ನೋಡಬೇಕು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ ರಾಜ್ಯ ತಾನೊಂದೇ ನಿರ್ಧರಿಸಿ ದರ ಏರಿಸಬಹುದಾದ ದೊಡ್ಡ ಡಬ್ಬಿಗಳು ನಾಲ್ಕೇ ಉಳಿದವು: ಮದ್ಯ, ಪೆಟ್ರೋಲು–ಡೀಸೆಲ್ಲು, ವಾಹನ, ಆಸ್ತಿ ನೋಂದಣಿ. 2023ರ ಜುಲೈ ಬಜೆಟ್ಟಿನಲ್ಲಿ ಭಾರತೀಯ ಮದ್ಯದ ಹೆಚ್ಚುವರಿ ಅಬಕಾರಿ ಸುಂಕ ಶೇಕಡಾ 20ರಷ್ಟು ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲು ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು.

ನಾನು ಬಿ.ಎಡ್. ಓದುತ್ತಿದ್ದ ದಿನಗಳಲ್ಲಿ ನಡೆದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಪಕ್ಕದ ಆಂಧ್ರದಲ್ಲಿ 1983ರಿಂದ ಬಡವರಿಗೆ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡುತ್ತಿದ್ದರು. ಅದೇ ಸರ್ಕಾರದ ಬೊಕ್ಕಸಕ್ಕೆ ಸಾರಾಯಿಯ ವರಮಾನವೂ ಬರುತ್ತಿತ್ತು. 1992ರ ಹೊತ್ತಿಗೆ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತಾ, ಸಾರಾಯಿ ಅಂಗಡಿಯನ್ನೇ ಊರಿಂದ ಆಚೆ ಹಾಕಿದರು. ಆ ಚಳವಳಿ ಹಬ್ಬಿ 1993ರಲ್ಲಿ ಸಾರಾಯಿ, 1995ರಲ್ಲಿ ಎಲ್ಲ ಮದ್ಯವೂ ನಿಷೇಧವಾಯಿತು. 1996ರಲ್ಲಿ ಅಕ್ಕಿ ಮೂರೂವರೆ ರೂಪಾಯಿಯಾಯಿತು. 1997ರಲ್ಲಿ ಬೊಕ್ಕಸ ತಾಳಲಾರದು ಎಂದು ನಿಷೇಧವನ್ನೇ ಸಡಿಲಿಸಿದರು. ಕರ್ನಾಟಕದಲ್ಲೂ 2007ರ ಜುಲೈನಿಂದ ಸಾರಾಯಿ ನಿಂತಿತು. ಅಬಕಾರಿ ವರಮಾನ ನಿಲ್ಲಲಿಲ್ಲ. ಸಂವಿಧಾನದ 47ನೇ ವಿಧಿ ಮಾತ್ರ ಪಾನನಿರೋಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಎಂದು ಇಂದಿಗೂ ಹೇಳುತ್ತಿದೆ.

ಹಾಗಾದರೆ ಆ ಎರಡು ಸಾವಿರ ಮೈಲಿಗೆಯ ದುಡ್ಡೇ? ಒಂದು ದಿನ ಅಡುಗೆಯಾಕೆಯನ್ನು ಕೇಳಿಯೇಬಿಟ್ಟೆ. ಆಕೆ ನಕ್ಕಳು. 'ನಾನು ಬ್ಯಾಡ ಅಂದ್ರೆ ಅವರು ಕುಡಿಯೋದು ಬಿಡ್ತಾರಾ ಟೀಚರ್? ಅವರ ಕೈಲಿದ್ರೆ ಅಂಗಡಿಗೆ, ನನ್ನ ಕೈಲಿದ್ರೆ ಮಗಳ ನೋಟ್‌ಬುಕ್ಕಿಗೆ.' ನನಗೆ ಅಮ್ಮನ ಸಾಸಿವೆ ಡಬ್ಬಿ ಕಣ್ಣಿಗೆ ಕಟ್ಟಿತು. ಪಡೆದವಳ ಕೈಯಲ್ಲಿ ಕಳಂಕವಿಲ್ಲ. ಕಳಂಕವಿರುವುದು ಕೊಡುವವನ ಅವಲಂಬನೆಯಲ್ಲಿ. ಕುಡಿತದಿಂದ ಸಂಸಾರ ನಡೆಸುವವನು ಕುಡಿತ ಕಡಿಮೆಯಾಗಲಿ ಎಂದು ಮನಸಾರೆ ಹಾರೈಸಲಾರ. ಈ ಊರಿಗೆ ಅಂಗಡಿ ಬೇಡ ಎಂದು ಹೆಂಗಸರು ಅರ್ಜಿ ಹಿಡಿದು ಬಂದರೆ ಅವನ ಕಣ್ಣು ಮೊದಲು ಹೋಗುವುದು ಗುರಿಯ ಅಂಕಿಯ ಕಡೆಗೆ.

ಇಷ್ಟು ಬರೆದು ನಿಲ್ಲಿಸಿದ್ದರೆ ನನಗೂ ನೆಮ್ಮದಿಯಿತ್ತು. ಆದರೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದಂತೆ ನಮ್ಮ ಮೂಲವೇತನಕ್ಕೆ ಶೇಕಡಾ 27.5ರ ಫಿಟ್‌ಮೆಂಟ್ ಸೇರಿತು. ಸರ್ಕಾರ ಹೇಳಿದಂತೆ ವರ್ಷಕ್ಕೆ 20,208 ಕೋಟಿಯ ಹೆಚ್ಚಿನ ಹೊರೆ. ಅದೂ ಅದೇ ಬೊಕ್ಕಸದಿಂದ. ಅಂದು ಕೊಠಡಿಯಲ್ಲಿ ಸಿಹಿ ಹಂಚಿದೆವು. ಬಾಟಲಿಯ ದುಡ್ಡು ಇದರಲ್ಲಿ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ನಾವು ದುಡಿದು ಪಡೆಯುತ್ತೇವೆ, ನಿಜ. ಆದರೆ ಅಡುಗೆಯಾಕೆ ದುಡಿಯುವುದಿಲ್ಲವೇ? ಬಿಟ್ಟಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಜೀವಮಾನವಿಡೀ ಮನೆಯಲ್ಲಿ ಬಿಟ್ಟಿ ದುಡಿದವಳ ಕೈಗೆ ಎರಡು ಸಾವಿರ ಬಂದಾಗ ಅದನ್ನೇ ಬಿಟ್ಟಿ ಎನ್ನುತ್ತೇವಲ್ಲ!

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹಲವು ವರ್ಷಗಳ ಹಿಂದೆ ನಾವು ನಿವೇಶನ ಕೊಂಡಾಗ ಕ್ರಯಪತ್ರದಲ್ಲಿ ಬರೆಸಿದ್ದು ಕೊಟ್ಟ ದುಡ್ಡಿಗಿಂತ ಕಡಿಮೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂದರು. ನಾನು ಸಹಿ ಹಾಕಿದೆ. ಉಳಿದ ಮುದ್ರಾಂಕ ಶುಲ್ಕದಲ್ಲಿ ಅಡುಗೆಮನೆಗೆ ಗ್ರಾನೈಟ್ ಹಾಕಿಸಿದೆವು. ಇರುವ ನಾಲ್ಕು ಡಬ್ಬಿಗಳಲ್ಲಿ ಒಂದನ್ನು ನಮ್ಮಂಥವರು ಹೀಗೆ ಬರಿದು ಮಾಡಿದರೆ ಸರ್ಕಾರದ ಕೈ ಯಾವ ಡಬ್ಬಿಗೆ ಹೋದೀತು? ಬೇಡ ಎನ್ನಲಾರದವನ ಡಬ್ಬಿಗೆ. ಸಂಜೆಯಾದರೆ ಅಂಗಡಿಯ ಮುಂದೆ ನಿಲ್ಲುವ ಕೂಲಿಯವನು ತನ್ನ ತೆರಿಗೆಯನ್ನು ಒಂದು ಪೈಸೆಯೂ ತಪ್ಪಿಸದೆ, ನಗದಾಗಿ, ಆಯಾ ದಿನವೇ ಕಟ್ಟುತ್ತಾನೆ. ಅದರ ಬೆಲೆ ತೆರುವವಳು ಅವನ ಹೆಂಡತಿ.

ಬಡವರಿಗೆ ಕೊಡಬೇಕೇ ಬೇಡವೇ ಎಂದು ನಾವು ವಾದಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಅಡುಗೆಯಾಕೆ ಕೇಳಿದ್ದು: ಯಾರದ್ದನ್ನು ತೆಗೆದು ಯಾರಿಗೆ? ಆ ಪ್ರಶ್ನೆಗೆ ಬಜೆಟ್ಟಿನ ಪುಟದಲ್ಲಿ ಅರ್ಧ ಉತ್ತರವಿದೆ. ಇನ್ನರ್ಧ ನನ್ನ ಬೀರುವಿನ ಕ್ರಯಪತ್ರದಲ್ಲಿದೆ. ಅದನ್ನು ಈಗ ತಿದ್ದಲು ನನ್ನಿಂದಾಗಿಲ್ಲ. ಆಕೆಗೆ ಇಷ್ಟನ್ನು ಬಾಯಿಬಿಟ್ಟು ಹೇಳಲೂ ಇನ್ನೂ ಆಗಿಲ್ಲ. ಬಿಟ್ಟಿ ಎಂಬ ಮಾತನ್ನಂತೂ ನಾನು ಆಡುವುದನ್ನು ಬಿಟ್ಟಿದ್ದೇನೆ.