ಮಾರ್ಕನ ಕೊನೆಯ ಹನ್ನೆರಡು ವಚನಗಳು

ಎಲ್ಲರೂ ಬೈಬಲ್ ತೆಗೀರಿ. ಮಾರ್ಕನು ಬರೆದ ಸುವಾರ್ತೆ, 16ನೇ ಅಧ್ಯಾಯ. ಮೊಬೈಲಲ್ಲಿ ಓದೋರು ಓದಿ, ಪರವಾಗಿಲ್ಲ, ಆದ್ರೆ ವಾಟ್ಸಾಪ್ ಮುಚ್ಚಿಡಿ.

ಈ ಅಧ್ಯಾಯದ 9ರಿಂದ 20ನೇ ವಚನಗಳು ನಮ್ಮಂಥ ಪೆಂತೆಕೊಸ್ತ್ ಸಭೆಗಳಿಗೆ ಬಹಳ ಪ್ರಿಯ. ಲೋಕಕ್ಕೆಲ್ಲಾ ಸುವಾರ್ತೆ ಸಾರೋದು, ದೆವ್ವ ಬಿಡಿಸೋದು, ಹೊಸ ಭಾಷೆಗಳಲ್ಲಿ ಮಾತಾಡೋದು, ರೋಗಿಗಳ ಮೇಲೆ ಕೈಯಿಡೋದು, ಎಲ್ಲಾ ಇಲ್ಲಿದೆ. ಈಗ ಕಾಲೇಜಿಗೆ ಹೋಗೋ ನಮ್ಮ ಮಕ್ಕಳು ಕೆಲವರು ಬಂದು ಕೇಳ್ತಾರೆ: "ಪಾಸ್ಟರ್, ಈ ಹನ್ನೆರಡು ವಚನ ಹಳೇ ಪ್ರತಿಗಳಲ್ಲಿ ಇಲ್ವಂತೆ, ನಿಜಾನಾ?" ಕೇಳೋ ಮುಂಚೆ ಆ ಕಡೆ ಈ ಕಡೆ ನೋಡ್ತಾರೆ. ಯಾರಾದ್ರೂ ಕೇಳಿಸ್ಕೊಂಡ್ರೆ, ಇವನು ಹಿಂಜಾರಿಬಿಟ್ಟ ಅಂತಾರೇನೋ ಅನ್ನೋ ಭಯ.

ನಿಜ ಪ್ರಿಯರೇ. ಈ ವೇದಿಕೆಯಿಂದಲೇ ಹೇಳ್ತೇನೆ, ನಿಜ. ನಮ್ಮ ಕೈಯಲ್ಲಿರುವ ಹಳೆಯ ಕೈಬರಹದ ಪ್ರತಿಗಳಲ್ಲಿ ಬಹಳ ಮುಖ್ಯವಾದವು ಎರಡು. ಒಂದು ಸೀನಾಯಿ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನಳ ಮಠದಲ್ಲಿ ಸಿಕ್ಕಿದ್ದು; ಅದರ ದೊಡ್ಡ ಭಾಗ 1933ರಿಂದ ಲಂಡನ್ನಿನಲ್ಲಿದೆ. ಇನ್ನೊಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಎರಡೂ 4ನೇ ಶತಮಾನದವು. ಎರಡರಲ್ಲೂ ಮಾರ್ಕನ ಸುವಾರ್ತೆ 8ನೇ ವಚನಕ್ಕೇ ನಿಲ್ಲುತ್ತದೆ. ಹಾಗಂತ ಮುಂದಿನ ವಚನಗಳನ್ನು ಯಾರೋ ಮೊನ್ನೆ ಮೊನ್ನೆ ಸೇರಿಸಿದ್ದಲ್ಲ. ಸುಮಾರು 180ರಲ್ಲೇ ಐರೇನಿಯಸ್ ಎಂಬ ಸಭಾಪಿತೃ ಅದರಲ್ಲಿನ ಮಾತನ್ನು ಎತ್ತಿ ಬರೆದಿದ್ದಾನೆ. ಬಹಳ ಹಳೆಯದು, ಆದರೆ ಮಾರ್ಕನ ಕೈಯದಲ್ಲ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಎಷ್ಟೋ ಹೊಸ ಭಾಷಾಂತರಗಳು ಇಲ್ಲಿ ಒಂದು ಅಡಿಟಿಪ್ಪಣಿ ಕೊಡುತ್ತವೆ. ನಾವು ಟಿಪ್ಪಣಿ ಓದೋದಿಲ್ಲ, ಅಷ್ಟೇ.

ಇಲ್ಲಿ ಒಂದು ವಿವೇಚನೆ ಬೇಕು. ಸಿನಿಮಾ ಹೇಳೋದು ಬೇರೆ, ಓದಿದವರು ಹೇಳೋದು ಬೇರೆ. ಡ್ಯಾನ್ ಬ್ರೌನ್ 2003ರಲ್ಲಿ 'ದ ಡಾ ವಿಂಚಿ ಕೋಡ್' ಕಾದಂಬರಿ ಬರೆದ. 2006ರಲ್ಲಿ ಅದು ಸಿನಿಮಾ ಆಗಿ ಬಂತು. ಪಕ್ಕದ ತಮಿಳುನಾಡು, ಆಂಧ್ರ ಸರ್ಕಾರಗಳು ನಿಷೇಧ ಹಾಕಿದವು. ನಿಷೇಧ ಹಾಕಿದ್ದರಿಂದಲೇ ನೋಡದವರೂ ನೋಡಿದರು ಅನ್ನೋದು ನನ್ನ ಅಭಿಪ್ರಾಯ! ಆ ಕಥೆಯಲ್ಲಿ ಏನು ಹೇಳ್ತಾರೆ? 325ರ ನಿಕೇಯ ಸಭೆಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಓಟು ಹಾಕಿಸಿ ಯೇಸುವನ್ನು ದೇವರು ಮಾಡಿದ, ಅಲ್ಲಿಯವರೆಗೆ ಆತನು ಬರೀ ಮನುಷ್ಯ ಅಂತ. ಇದು ಸುಳ್ಳು. ಅದಕ್ಕೆ ಇನ್ನೂರು ವರ್ಷ ಮುಂಚೆಯೇ, ಸುಮಾರು 112ರಲ್ಲಿ, ಪ್ಲಿನಿ ಎಂಬ ರೋಮನ್ ಅಧಿಕಾರಿ ತನ್ನ ಚಕ್ರವರ್ತಿಗೆ ಕಾಗದ ಬರೆದು, ಈ ಕ್ರೈಸ್ತರು ಬೆಳಗಾಗೋ ಮುಂಚೆ ಸೇರಿ ಕ್ರಿಸ್ತನಿಗೆ ದೇವರೆಂಬಂತೆ ಹಾಡುತ್ತಾರೆ ಅಂತ ವರದಿ ಕೊಟ್ಟಿದ್ದಾನೆ. ಅವನು ನಮ್ಮವನಲ್ಲ, ನಮ್ಮವರನ್ನು ಕೊಲ್ಲಿಸಿದವನು. ಹಲ್ಲೆಲೂಯಾ! ವೈರಿಯ ಕಾಗದವೇ ಸಾಕ್ಷಿ ಹೇಳ್ತದೆ.

ಆ ಕಾದಂಬರಿಯ ತಪ್ಪುಗಳನ್ನು ತೋರಿಸಿ 2004ರಲ್ಲಿ ಒಂದು ಪುಸ್ತಕವನ್ನೇ ಬರೆದವರಲ್ಲಿ ಒಬ್ಬರು ಯಾರು ಗೊತ್ತಾ? ಬಾರ್ಟ್ ಎರ್ಮನ್. ಹೌದು, ನಮ್ಮ ಮಕ್ಕಳ ನಂಬಿಕೆ ಕೆಡಿಸ್ತಾನೆ ಅಂತ ತಂದೆತಾಯಿಗಳು ಹೆದರೋ ಅದೇ ಪ್ರೊಫೆಸರ್. ಆತ ವಿಶ್ವಾಸಿಯಲ್ಲ, ಆದ್ರೆ ಇತಿಹಾಸದ ವಿಷಯದಲ್ಲಿ ಸಿನಿಮಾಕ್ಕೆ ಮಣೆ ಹಾಕಲಿಲ್ಲ.

ಎರ್ಮನ್ ಪ್ರಿನ್ಸ್‌ಟನ್ನಿನಲ್ಲಿ ಓದಿದ್ದು ಬ್ರೂಸ್ ಮೆಟ್ಸ್‌ಗರ್ ಎಂಬ ಗುರುಗಳ ಹತ್ತಿರ. ಮೆಟ್ಸ್‌ಗರ್ ಪ್ರೆಸ್ಬಿಟೇರಿಯನ್ ಬೋಧಕರು, 2007ರಲ್ಲಿ ಕರ್ತನಲ್ಲಿ ನಿದ್ರೆಹೋಗುವ ತನಕ ವಿಶ್ವಾಸದಲ್ಲೇ ಇದ್ದವರು. ಮಾರ್ಕನ ಈ ಹನ್ನೆರಡು ವಚನಗಳ ಬಗ್ಗೆ ಗುರುವೂ ಶಿಷ್ಯನೂ ಹೇಳಿದ್ದು ಒಂದೇ. ಅವೇ ಪ್ರತಿಗಳು, ಅದೇ ಗ್ರೀಕ್ ಭಾಷೆ. ಒಬ್ಬರು ಮೊಣಕಾಲೂರಿದರು, ಒಬ್ಬರು ಎದ್ದು ಹೋದರು. ತನ್ನನ್ನು ದೂರ ಮಾಡಿದ್ದು ಪ್ರತಿಗಳ ವ್ಯತ್ಯಾಸವಲ್ಲ, ಲೋಕದಲ್ಲಿರುವ ನೋವು ಅಂತ ಎರ್ಮನ್ ತಾವೇ ಬರೆದಿದ್ದಾರೆ. ತಂದೆತಾಯಿಗಳೇ, ಇದನ್ನು ಕೇಳಿಸ್ಕೊಳ್ಳಿ. ಮಗ ಟಿಪ್ಪಣಿ ಬಗ್ಗೆ ಕೇಳುವಾಗ ಕೆಲವೊಮ್ಮೆ ಅವನು ಕೇಳ್ತಿರೋದು ಅಜ್ಜಿ ಯಾಕೆ ಅಷ್ಟು ನರಳಿ ಸತ್ತರು ಅಂತ.

ನಮ್ಮ ಪಂಗಡದವರೇ ಒಬ್ಬರಿದ್ದರು, ಗಾರ್ಡನ್ ಫೀ. ಅಸೆಂಬ್ಲೀಸ್ ಆಫ್ ಗಾಡ್ ಪಾಸ್ಟರ್ ಮಗ, ತಾವೂ ಅಭಿಷಿಕ್ತ ಸೇವಕರು. ಇದೇ ಕೈಬರಹದ ಪ್ರತಿಗಳನ್ನು ತೂಗಿ ನೋಡೋ ವಿದ್ಯೆಯಲ್ಲಿ ಪಂಡಿತರು. ಅದೇ ಮನುಷ್ಯ ಪೌಲನ ಪತ್ರಿಕೆಗಳಲ್ಲಿ ಪವಿತ್ರಾತ್ಮನ ಕುರಿತು 900ಕ್ಕೂ ಹೆಚ್ಚು ಪುಟದ ಪುಸ್ತಕ ಬರೆದರು. ವಿದ್ಯೆ ಇದ್ದಲ್ಲಿ ಬೆಂಕಿ ಇರಲ್ಲ ಅನ್ನೋರು ಅದನ್ನು ಎತ್ತಿ ನೋಡಲಿ. ಎತ್ತೋಕೇ ಬಲ ಬೇಕು.

ಲಿಬರಲ್ ಅಂತ ಕರೆಸಿಕೊಳ್ಳುವವರ ಬಗ್ಗೆಯೂ ಒಂದು ಮಾತು. 1985ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಫಂಕ್ ಎಂಬವರು 'ಜೀಸಸ್ ಸೆಮಿನಾರ್' ಅಂತ ಶುರುಮಾಡಿದರು. ಯೇಸುವಿನ ಒಂದೊಂದು ಮಾತಿಗೂ ಬಣ್ಣದ ಮಣಿ ಹಾಕಿ ಓಟು. ಕೆಂಪು ಹಾಕಿದ್ರೆ ಆತನು ಹೇಳಿದ್ದೇ, ಕಪ್ಪು ಹಾಕಿದ್ರೆ ಅಲ್ಲ. ಕೊನೆಗೆ ನೂರಕ್ಕೆ 82ರಷ್ಟು ಮಾತು ಆತನದಲ್ಲ ಅಂದರು. ಉಳಿದ ಯೇಸು ನೋಡೋಕೆ ಹೆಚ್ಚುಕಡಿಮೆ ಅವರ ಹಾಗೆಯೇ ಇದ್ದ. ನಗಬೇಡಿ ಪ್ರಿಯರೇ. ಕಾರು ಕೊಡೋ ಯೇಸು, ಸೈಟು ಕೊಡೋ ಯೇಸು ಅಂತ ಸಾರೋ ಕಡೆಯೂ ಮಣಿ ಹಾಕ್ತಾನೇ ಇದ್ದಾರೆ. ಶಿಲುಬೆ ಹೊತ್ತುಕೋ ಅನ್ನೋ ಮಾತಿಗೆ ಕಪ್ಪು ಮಣಿ.

ಹಾಗಾದ್ರೆ ಅನ್ಯಭಾಷೆ ಬಿಟ್ಟುಬಿಡೋಣವಾ? ಯಾಕೆ ಬಿಡಬೇಕು? ಅಪೊಸ್ತಲರ ಕೃತ್ಯಗಳು 2 ಇದೆ, 10 ಇದೆ, 19 ಇದೆ. ಒಂದನೇ ಕೊರಿಂಥ 12ರಿಂದ 14 ಇದೆ. ಆ ಅಧ್ಯಾಯಗಳಿಗೆ ಈ ತೊಂದರೆ ಇಲ್ಲ. ಆದರೆ ಬರೀ ಮಾರ್ಕನ 18ನೇ ವಚನದ ಮೇಲೆ ಮನೆ ಕಟ್ಟಿದವರ ಗತಿ ನೋಡಿ. ಹಾವನ್ನು ಎತ್ತುವರು ಅಂತ ಅಲ್ಲಿದೆ. 1910ರ ಸುಮಾರಿಗೆ ಟೆನ್ನೆಸ್ಸಿಯಲ್ಲಿ ಜಾರ್ಜ್ ಹೆನ್ಸ್‌ಲಿ ಎಂಬ ಪ್ರಸಂಗಿ ಆರಾಧನೆಯಲ್ಲಿ ವಿಷದ ಹಾವು ಹಿಡಿಯೋಕೆ ಶುರುಮಾಡಿದ. 1955ರಲ್ಲಿ ಹಾವು ಕಚ್ಚಿಯೇ ಸತ್ತ. ಜೇಮೀ ಕೂಟ್ಸ್ ಎಂಬ ಇನ್ನೊಬ್ಬ ಪಾಸ್ಟರ್ 2013ರಲ್ಲಿ ಟಿವಿ ಕಾರ್ಯಕ್ರಮದಲ್ಲಿ ಹಾವು ಹಿಡಿದು ಹೆಸರಾದರು. 2014ರ ಫೆಬ್ರವರಿಯಲ್ಲಿ ಆರಾಧನೆಯಲ್ಲೇ ಕಚ್ಚಿತು. ಚಿಕಿತ್ಸೆ ಬೇಡ ಅಂದರು, ತೀರಿಹೋದರು. ಅವರ ಧೈರ್ಯವನ್ನು ನಾನು ಹಾಸ್ಯ ಮಾಡೋದಿಲ್ಲ. ಹೆಂಡತಿ ಮಕ್ಕಳಿದ್ದ ಮನುಷ್ಯ. ಆದ್ರೆ ಮೆಲಿತೆ ದ್ವೀಪದಲ್ಲಿ ಪೌಲನು ಹಾವನ್ನು ಹುಡುಕಿಕೊಂಡು ಹೋಗಲಿಲ್ಲ. ಸೌದೆ ಆಯ್ತಾ ಇದ್ದ, ಹಾವೇ ಬಂತು. ದೇವಾಲಯದ ತುದಿಯಿಂದ ಧುಮುಕು ಅಂತ ವಚನ ತೋರಿಸಿ ಹೇಳಿದವನು ಯಾರು ಅಂತ ನಿಮಗೆ ಗೊತ್ತು. ನಾನು ನಿಮಗೆ ಮಾತ್ರೆ ಬಿಡಿ ಅಂತ ಯಾವತ್ತೂ ಹೇಳಿಲ್ಲ, ಹೇಳೋದೂ ಇಲ್ಲ. ಕೈಯಿಟ್ಟು ಪ್ರಾರ್ಥಿಸ್ತೇವೆ, ಆಸ್ಪತ್ರೆಗೂ ಕರ್ಕೊಂಡು ಹೋಗ್ತೇವೆ.

ಈಗ 8ನೇ ವಚನಕ್ಕೇ ನಿಂತು ನೋಡಿ. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ. ಮೂವರು ಹೆಂಗಸರು, ಕೈಯಲ್ಲಿ ಸುಗಂಧದ್ರವ್ಯ, ಕಲ್ಲು ಉರುಳಿದೆ. ನಡುಗ್ತಾ ಓಡಿಹೋದರು, ಭಯಕ್ಕೆ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಗೆ ಮುಗೀತು. ಅದ್ಭುತ ಇಲ್ಲ, ಅನ್ಯಭಾಷೆ ಇಲ್ಲ, ಚಪ್ಪಾಳೆ ಇಲ್ಲ. ಆದ್ರೆ ಅದರ ಹಿಂದಿನ ವಚನದಲ್ಲಿ ಒಂದು ಸುದ್ದಿ ಇದೆ: ಆತನು ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗಿದ್ದಾನೆ, ಶಿಷ್ಯರಿಗೆ ಹೇಳಿ, ಪೇತ್ರನಿಗೂ ಹೇಳಿ. ಮೂರು ಸಾರಿ ಅರಿಯೆನು ಅಂದವನ ಹೆಸರನ್ನು ಎತ್ತಿ ಹೇಳಿಸಿದ್ದಾನೆ. ಹೆದರಿ ಬಾಯಿ ಮುಚ್ಚಿಕೊಂಡವರ ಭಯ ಆ ಸುದ್ದಿಯನ್ನು ತಡೆಯೋಕೆ ಆಗಲಿಲ್ಲ. ತಡೆದಿದ್ರೆ ನಾವು ಇವತ್ತು ಇಲ್ಲಿ ಕೂತಿರ್ತಾ ಇರಲಿಲ್ಲ. ಆಮೆನ್?

ಯೌವನಸ್ಥರು, ಪ್ರಶ್ನೆ ಇರೋರು, ಆರಾಧನೆ ಆದ ಮೇಲೆ ಮನೆಗೆ ಹೋಗಬೇಡಿ, ಇರಿ. ಟಿಪ್ಪಣಿ ಇರೋ ಬೈಬಲ್ ಇದ್ರೆ ತನ್ನಿ. ಚಹಾ ಇದೆ. ಯೋಹಾನ 7ರ ಕೊನೆಯಿಂದ 8ನೇ ಅಧ್ಯಾಯದ 11ನೇ ವಚನದ ತನಕ, ಆ ಹಿಡಿಯಲ್ಪಟ್ಟ ಹೆಂಗಸಿನ ಭಾಗಕ್ಕೂ ಇಂಥದೇ ಟಿಪ್ಪಣಿ ಇದೆ. ಅದನ್ನು ಕೂತು ಓದೋಣ. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ.