ಹೊಲಿಗೆ ಕಾಣದ ಮೃಗ

‘ಹುಲಿಯ ತಲೆ, ಹಾವಿನ ಬಾಲ, ಮೇಲೊಂದು ಜೊತೆ ರೆಕ್ಕೆ. ನೀವು ಮಾಡುವುದು ಇಷ್ಟೇ ತಾನೆ?’ ಎಂದು ಕೇಳುವವರು ನನಗೆ ಸಿಗುತ್ತಲೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ ಗೆಳೆಯರಿಗೆ, ಮನೆಯ ಮಕ್ಕಳಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸುವವನು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಕತೆ ಕಟ್ಟುವ ಆಟ ಅದು. ಆ ಪಾತ್ರಗಳನ್ನು ಬಿಟ್ಟು ಉಳಿದದ್ದೆಲ್ಲ, ಎಂದರೆ ಕಾಡು, ಕೋಟೆ, ಹಸಿವು, ಶತ್ರು, ಡಿಎಂ (ಡಂಜನ್ ಮಾಸ್ಟರ್) ಆಗಿ ಕೂತವನ ಹೊಣೆ. ಆಟದ ಪುಸ್ತಕದಲ್ಲಿರುವ ಮಾನ್‌ಸ್ಟರ್‌ಗಳನ್ನು ನನ್ನ ಆಟಗಾರರು ಬಾಯಿಪಾಠ ಮಾಡಿಬಿಟ್ಟಿದ್ದಾರೆ. ‘ಟ್ರೋಲ್’ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಅದರ ಗಾಯ ಮತ್ತೆ ಕೂಡಿಕೊಳ್ಳದಂತೆ ಮಾಡಲು ಬೆಂಕಿ ಬೇಕೆಂದು ಎಲ್ಲರ ಕೈಯೂ ಪಂಜಿನತ್ತ ಹೋಗುತ್ತದೆ. ಹಾಗಾಗಿ ಮಾನ್‌ಸ್ಟರ್‌ಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಮೇಲಿನ ಮಾತು ಕೇಳಿದಾಗ ನನಗೆ ಸಿಟ್ಟು ಬರುವುದು ನನ್ನ ಹವ್ಯಾಸವನ್ನು ಹಗುರ ಮಾಡಿದರೆಂದಲ್ಲ. ಕಲ್ಪನೆಯೆಂದರೆ ಹಳೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ದರ್ಜಿಯ ಅಂಗಡಿ ಎಂಬ ನಂಬಿಕೆ ಅದರ ಬುಡದಲ್ಲಿದೆ. ಸಿಟ್ಟು ಅದರ ಮೇಲೆ.

ಮಾನ್‌ಸ್ಟರ್‌ಗಳ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಒಂದು ಸಂಸ್ಕೃತಿಯ ಭಯಗಳು ಅದರ ವಿಕಟ ಜೀವಿಗಳಲ್ಲಿ ಮೈತಳೆಯುತ್ತವೆ ಎಂದು ಜೆಫ್ರಿ ಜೆರೋಮ್ ಕೋಹೆನ್ 1996ರಲ್ಲಿ ಏಳು ಸೂತ್ರಗಳನ್ನೇ ಕೊಟ್ಟರು. ಒಂದು ವರ್ಗಕ್ಕೆ ಸೇರದೆ ಎರಡರ ನಡುವೆ ನಿಲ್ಲುವುದರಿಂದ ಅವು ಹೇಸಿಗೆ ಹುಟ್ಟಿಸುತ್ತವೆ ಎಂದು ನೋಯೆಲ್ ಕ್ಯಾರಲ್ 1990ರಲ್ಲೇ ವಾದಿಸಿದ್ದರು. ಇರಲಿ. ಇವು ಆಗಲೇ ಹುಟ್ಟಿರುವ ಜೀವಿಗಳ ಜಾತಕ ಓದುವ ಕೆಲಸ. ಭಾನುವಾರದ ಆಟಕ್ಕೆ ಒಂದನ್ನು ಹುಟ್ಟಿಸಬೇಕಾದವನಿಗೆ ಅದರಿಂದ ದಕ್ಕುವುದು ಸ್ವಲ್ಪ.

ನಾನು ಸೆಣಸಬೇಕಾದವನು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ಮನಸ್ಸಿನ ಸೃಷ್ಟಿಶಕ್ತಿ ಎಂದು ನಾವು ಕೊಂಡಾಡುವುದು ಇಂದ್ರಿಯಗಳು ತಂದುಕೊಟ್ಟ ಸಾಮಗ್ರಿಯನ್ನು ಕೂಡಿಸುವ, ಸ್ಥಳ ಬದಲಿಸುವ, ಹಿಗ್ಗಿಸುವ, ಕುಗ್ಗಿಸುವ ಶಕ್ತಿಯಷ್ಟೇ ಎಂದು ಅವನು 1748ರಲ್ಲಿ ಬರೆದ. ಚಿನ್ನವನ್ನು ಕಂಡಿದ್ದೇವೆ, ಬೆಟ್ಟವನ್ನು ಕಂಡಿದ್ದೇವೆ. ಎರಡನ್ನೂ ಸೇರಿಸಿದರೆ ಚಿನ್ನದ ಬೆಟ್ಟ. ಅದಕ್ಕೂ ಮೊದಲು, 1739ರ ಪುಸ್ತಕದಲ್ಲಿ, ಕವಿಗಳ ರೆಕ್ಕೆಗುದುರೆಗಳನ್ನೂ ಬೆಂಕಿಯ ಡ್ರ್ಯಾಗನ್‌ಗಳನ್ನೂ ಇದೇ ಲೆಕ್ಕಕ್ಕೆ ಹಚ್ಚಿದ್ದ. ನನ್ನನ್ನು ಕೆಣಕುವವರು ಹ್ಯೂಮ್‌ನನ್ನು ಓದಿರಲಿಕ್ಕಿಲ್ಲ. ಆಡುವುದು ಮಾತ್ರ ಅವನ ಮಾತನ್ನೇ.

ಈಗ ರಸ್ಟ್ ಮಾನ್‌ಸ್ಟರ್ ಎಂಬ ಪ್ರಾಣಿಯನ್ನು ನೋಡಿ. ಆಟವನ್ನು 1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ಹೊರತಂದ ಗ್ಯಾರಿ ಗೈಗ್ಯಾಕ್ಸ್, ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳ ಪೊಟ್ಟಣದಿಂದ ಇದರ ಆಕಾರವನ್ನು ಎತ್ತಿಕೊಂಡ. ಬೊಂಬೆ ಸಿದ್ಧವಾಗಿಯೇ ಇತ್ತು. ಮೈ ಕಲ್ಪಿಸುವ ಕೆಲಸವೇ ಅವನಿಗೆ ಉಳಿದಿರಲಿಲ್ಲ. ಅವನು ಮಾಡಿದ್ದು ಬೇರೆ. ಅದು ಮುಟ್ಟಿದ ಕಬ್ಬಿಣವೆಲ್ಲ ತುಕ್ಕಾಗಿ ಉದುರುತ್ತದೆ, ಆ ತುಕ್ಕನ್ನೇ ಅದು ತಿನ್ನುತ್ತದೆ ಎಂದ. ಆ ಒಂದು ನಿಯಮದಿಂದ ಮೇಜಿನ ಸುತ್ತ ಏನಾಗುತ್ತದೆ ಗಮನಿಸಿ. ತಿಂಗಳುಗಟ್ಟಲೆ ಹಣ ಕೂಡಿಟ್ಟು ಉಕ್ಕಿನ ಕವಚ ಕೊಂಡ ವೀರ, ಯಾವತ್ತೂ ಮುಂದೆ ನಿಲ್ಲುವವನು, ಹಿಂದಕ್ಕೆ ಸರಿಯುತ್ತಾನೆ. ಬಟ್ಟೆಯ ನಿಲುವಂಗಿ ತೊಟ್ಟ, ಒಂದೇ ಪೆಟ್ಟಿಗೆ ಬೀಳಬಹುದಾದ ಮಾಂತ್ರಿಕ ಮರದ ಕೋಲು ಹಿಡಿದು ಮುಂದೆ ಬರುತ್ತಾನೆ. ಬಲಿಷ್ಠನಿಗೇ ಹೆಚ್ಚು ಭಯ. ಈ ಭಯ ಪ್ರಾಣಿಯ ಚಿತ್ರದಲ್ಲಿಲ್ಲ, ಯಾರ ತಲೆಯೊಳಗಿನ ಬಿಂಬದಲ್ಲೂ ಇಲ್ಲ. ಕವಚದ ಬೆಲೆ, ಸಾಲಿನಲ್ಲಿ ನಿಲ್ಲುವ ಕ್ರಮ, ಆಟಗಾರನ ತಾಳ್ಮೆ, ಇವುಗಳ ನಡುವೆ ಎಲ್ಲೋ ಇದೆ. ಹ್ಯೂಮ್ ಬಿಚ್ಚಿ ನೋಡುವುದು ಮೈಯ ಹೊಲಿಗೆಯನ್ನು. ಈ ಪ್ರಾಣಿಯ ಪ್ರಾಣ ಮೈಯಲ್ಲಿಲ್ಲ.

ಹ್ಯೂಮ್ ಅಷ್ಟಕ್ಕೇ ಸೋಲುವವನಲ್ಲ. ತುಕ್ಕನ್ನು ಕಂಡಿದ್ದೀರಿ, ಗಳಿಸಿದ್ದನ್ನು ಕಳೆದುಕೊಳ್ಳುವ ಸಂಕಟ ಉಂಡಿದ್ದೀರಿ, ಅವನ್ನೂ ಕೂಡಿಸಿದ್ದೀರಿ ಎಂದಾನು. ಆಟದ ಇನ್ನೊಂದು ಪ್ರಾಣಿ, ಜೆಲಾಟಿನಸ್ ಕ್ಯೂಬ್ ಅಂತೂ ಅವನ ಪಕ್ಷಕ್ಕೆ ಹೇಳಿ ಮಾಡಿಸಿದ ಸಾಕ್ಷಿ. ಲೋಳೆಯೊಂದು, ಘನಾಕೃತಿಯೊಂದು, ಸೇರಿಸಿದರೆ ಮುಗಿಯಿತು. ಆದರೆ ಅದರ ಅಳತೆ ನೋಡಿ. ಎತ್ತ ಅಳೆದರೂ 10 ಅಡಿ. ನೆಲಮಾಳಿಗೆಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ, ಒಂದು ಮನೆಗೆ 10 ಅಡಿ ಎಂದು ಬರೆಯುತ್ತಿದ್ದ ಆಟವಿದು. ಹಾಗೆ ಒಂದು ಮನೆಯಗಲದ ಓಣಿಯನ್ನು ಗೋಡೆಯಿಂದ ಗೋಡೆಗೆ ತುಂಬಿಕೊಂಡು, ಬಿದ್ದ ಹೆಣಗಳನ್ನೂ ಕಸವನ್ನೂ ಕರಗಿಸಿಕೊಂಡು ಸಾಗುವ ಪಾರದರ್ಶಕ ಜೀವಿ. ಇಷ್ಟೊಂದು ಜನ ಸಾಯುವ ಜಾಗ ಇಷ್ಟು ಚೊಕ್ಕಟವಾಗಿ ಹೇಗಿದೆ ಎಂಬ ಪ್ರಶ್ನೆಗೆ ಅದೇ ಉತ್ತರ. ಕಾಗದದ ಖಾಲಿ ಮನೆಯೊಂದು ತನಗೆ ಬೇಕಾದ ಪ್ರಾಣಿಯನ್ನು ತಾನೇ ಕರೆದುಕೊಂಡಂತಿದೆ. ಲೋಳೆ ಗೊತ್ತು, ಘನಾಕೃತಿ ಗೊತ್ತು ಎಂದರೆ ಆ ಕರೆಯನ್ನು ವಿವರಿಸಿದಂತಾಯಿತೆ?

ಹ್ಯೂಮ್‌ನದೇ ಒಂದು ಅಪವಾದ ಇಲ್ಲಿ ನೆನಪಾಗುತ್ತದೆ. ನೀಲಿಯ ಎಲ್ಲ ಛಾಯೆಗಳನ್ನೂ ಕಂಡು, ಒಂದನ್ನು ಮಾತ್ರ ಕಾಣದವನ ಮುಂದೆ ಅವೆಲ್ಲವನ್ನೂ ಸಾಲಾಗಿ ಇಟ್ಟರೆ, ತಪ್ಪಿಹೋದ ಛಾಯೆಯನ್ನು ಅವನು ಮನಸ್ಸಿನಿಂದಲೇ ತುಂಬಿಕೊಳ್ಳಬಲ್ಲ ಎಂದು ಹ್ಯೂಮ್ ಒಪ್ಪುತ್ತಾನೆ. ಇದು ತೀರ ಅಪರೂಪದ ಸಂಗತಿ, ಇದಕ್ಕಾಗಿ ಸಿದ್ಧಾಂತ ತಿದ್ದಬೇಕಿಲ್ಲ ಎಂದು ಮುಂದೆ ಹೋಗಿಬಿಡುತ್ತಾನೆ. ನಾನು ಅಲ್ಲೇ ನಿಲ್ಲುತ್ತೇನೆ. ಒಳ್ಳೆಯ ಹೋಮ್‌ಬ್ರೂ ಮಾನ್‌ಸ್ಟರ್, ಎಂದರೆ ಪುಸ್ತಕದಲ್ಲಿಲ್ಲದೆ ನಾವೇ ಮಾಡಿಕೊಂಡದ್ದು, ಹುಟ್ಟುವುದು ಹೀಗೆಯೇ, ಒಂದು ಸಾಲಿನ ತೆರವಿನಿಂದ. ಹೌದು, ಸಾಲು ಮೊದಲೇ ಇರಬೇಕು. ನಿಯಮಗಳೇ ಇಲ್ಲದ ಬಯಲಿನಲ್ಲಿ ರಸ್ಟ್ ಮಾನ್‌ಸ್ಟರ್ ಹುಟ್ಟದು. ಅಷ್ಟನ್ನು ಹ್ಯೂಮ್‌ಗೆ ಬಿಟ್ಟುಕೊಡುತ್ತೇನೆ.

ನಾನು ಮಾಡಿದ ‘ಮಾರ್ದನಿ’ ಅಂಥದ್ದು. ಗುಹೆಯ ಜೀವಿ, ಕಣ್ಣಿಲ್ಲ, ಬರೀ ಕಿವಿ. ಆಟದಲ್ಲಿ ಪಾತ್ರದ ಮಾತು ಬೇರೆ, ಆಡುವವರ ಮಾತು ಬೇರೆ. ಆ ಎರಡರ ನಡುವಿನ ಗೆರೆಯನ್ನು ಯಾವ ಪ್ರಾಣಿಯೂ ದಾಟುತ್ತಿರಲಿಲ್ಲ. ಇದು ದಾಟುತ್ತದೆ. ಮೇಜಿನಲ್ಲಿ ಯಾರೇ ಕೊನೆಯದಾಗಿ ಹೆಸರಿಸಿದ ವಸ್ತು ಅದರ ಗುರಿ. ಈ ನಿಯಮವನ್ನು ನಾನು ಹೇಳಲಿಲ್ಲ, ಜೀವಿಯನ್ನು ವರ್ಣಿಸಲೂ ಇಲ್ಲ. ಒಬ್ಬ ಪಕ್ಕದವನಿಗೆ ‘ಆ ನೀರಿನ ಬಾಟಲಿ ಕೊಡೋ’ ಎಂದ. ‘ನಿನ್ನ ಸೊಂಟದ ನೀರಿನ ಚೀಲ ಒಡೆಯಿತು’ ಎಂದೆ. ಇನ್ನೊಬ್ಬಳು ‘ಪಂಜು ಆರದಂತೆ ನೋಡ್ಕೊಳ್ಳಿ’ ಎಂದಳು. ಪಂಜು ಆರಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ಸನ್ನೆಯಲ್ಲೇ ಯುದ್ಧದ ಯೋಜನೆ ಹೂಡುತ್ತಿದ್ದರು. ಮಾನ್‌ಸ್ಟರನ್ನು ಆಟಕ್ಕೆ ತರುವ ಕಲೆ ಇದೇ ಎಂದು ನನ್ನ ನಂಬಿಕೆ. ಹೆಸರು ಹೇಳಬಾರದು, ಅದು ಮಾಡಿದ್ದನ್ನು ಹೇಳಬೇಕು.

ಇಲ್ಲಿಗೆ ನನ್ನ ವಾದ ಗೆಲ್ಲಬೇಕಿತ್ತು. ಅಡ್ಡ ಬರುವುದು ನನ್ನ ಅಕ್ಕನ ಮಗಳು. ನನ್ನ ಮೇಜಿನಲ್ಲಿ ಅವಳನ್ನು ಅತಿ ಹೆಚ್ಚು ಹೆದರಿಸಿದ್ದು ಮಾರ್ದನಿಯಲ್ಲ, ‘ಹೂಳು’. ಬಡಾವಣೆಗಾಗಿ ಮುಚ್ಚಿದ ಕೆರೆಯ ತಳದಿಂದ ಎದ್ದು, ತನ್ನ ಜಾಗ ಹುಡುಕುತ್ತ ಮನೆಯಿಂದ ಮನೆಗೆ ಬರುವ ಕೆಸರು. ಅದಕ್ಕಾಗಿ ಹೊಸ ನಿಯಮ ಒಂದನ್ನೂ ಮಾಡಿರಲಿಲ್ಲ. 2014ರ ಮಾನ್‌ಸ್ಟರ್ ಮ್ಯಾನ್ಯುಅಲ್‌ನ ಕಂದು ಕರಡಿಯ ಅಂಕಿಗಳು ಹಾಗೇ ಇದ್ದವು. ರಕ್ಷಣೆಯ ಅಂಕಿ (ಎಸಿ) 11, ಪ್ರಾಣದ ಅಂಕಿ (ಎಚ್‌ಪಿ) 34, ಒಂದು ಕಡಿತ, ಒಂದು ಪರಚು. ಅನೇಕ ಡಿಎಂಗಳು ಹೀಗೇ ಮಾಡಿ ಎಂದು ಸಲಹೆ ಕೊಡುತ್ತಾರೆ. ಅಂಕಿ ಯಾರಿಗೂ ಕಾಣದು, ಹೊದಿಕೆ ಬದಲಿಸಿದರೆ ಸಾಕು ಎನ್ನುತ್ತಾರೆ. ಕರಡಿ ಮತ್ತು ಕೆಸರು, ಹ್ಯೂಮ್ ಹೇಳಿದ ಹೊಲಿಗೆ ಅಲ್ಲವೆ ಇದು? ಆದರೂ ಅವಳ ಭಯ ಮಾರ್ದನಿ ಹುಟ್ಟಿಸಿದ ಭಯಕ್ಕಿಂತ ಆಳದ್ದಾಗಿತ್ತು. ಬಾಗಿಲ ಸಂದಿಯಿಂದ ಬಂದ ಹಸಿ ಮಣ್ಣಿನ ವಾಸನೆ, ಬೆಳಗ್ಗೆ ಅಂಗಳದಲ್ಲಿ ಸತ್ತ ಮೀನು, ಇಷ್ಟೇ ಸಾಕಾಗಿತ್ತು. ನಂಬಿಕೆಗೂ ಬರೀ ಕಲ್ಪನೆಗೂ ಇರುವ ಅಂತರ ಬಿಂಬದ ಕಸುವಿನದು ಎಂದವನೂ ಹ್ಯೂಮನೇ. ಮಾನ್‌ಸ್ಟರನ್ನು ಪ್ರಸ್ತುತಪಡಿಸಲು ಅವನಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ತತ್ತ್ವಚಿಂತನೆಯಿಂದ ಮನಸ್ಸು ಕದಡಿದಾಗ ಊಟ ಮಾಡಿ, ಗೆಳೆಯರೊಡನೆ ಬ್ಯಾಕ್‌ಗ್ಯಾಮನ್ ಆಡುತ್ತೇನೆ ಎಂದು ಬರೆದವನು ಅವನು. ದಾಳ ಉರುಳುವ ಮೇಜಿನಲ್ಲಿ ಸಂಶಯ ಹೇಗೆ ಕರಗುತ್ತದೆಂಬುದು ಅವನಿಗೆ ತಿಳಿದಿತ್ತು.

ಇನ್ನೊಂದು ಸಂಗತಿಯೂ ನನ್ನನ್ನು ಅಲುಗಾಡಿಸುತ್ತದೆ. 1977ರ ಮೊದಲ ಮಾನ್‌ಸ್ಟರ್ ಮ್ಯಾನ್ಯುಅಲ್‌ನಲ್ಲಿ ‘ರಾಕ್ಷಸ’ ಎಂಬ ಹೆಸರಿನಲ್ಲೇ ಒಂದು ಜೀವಿ ಇದೆ. ಚಿತ್ರಕಾರ ಡೇವಿಡ್ ಟ್ರಾಂಪಿಯರ್ ಅದಕ್ಕೆ ಹುಲಿಯ ತಲೆ ಬರೆದು ಪೈಪು ಸೇದಿಸಿದ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣಕ್ಕೆ ಅದು ಸಾಯುತ್ತದೆ. 1974ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ‘ಕೋಲ್ಚಾಕ್’ ಸರಣಿಯ ಒಂದು ಕಂತಿನ ರಾಕ್ಷಸನಿಗೂ ಅದೇ ಬಾಣವೇ. ತೆಂಕುತಿಟ್ಟಿನ ಯಕ್ಷಗಾನ ನೋಡುತ್ತ ಬೆಳೆದ ನನಗೆ ರಾಕ್ಷಸನೆಂದರೆ ಬಣ್ಣದ ವೇಷ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಇಟ್ಟ ಚಿಟ್ಟಿ, ತೆರೆಯ ಹಿಂದಿನ ಆರ್ಭಟ, ಮುಖ ಕಾಣುವ ಮೊದಲೇ ಕಾಣುವ ಕಿರೀಟ. ಟ್ರಾಂಪಿಯರ್‌ನ ಚಿತ್ರದಲ್ಲಿ ನನಗೆ ಹೊಲಿಗೆಯ ಗೆರೆಗಳೆಲ್ಲ ಎದ್ದು ಕಂಡವು. ಗೈಗ್ಯಾಕ್ಸ್‌ನ ವಿಸ್ಕಾನ್ಸಿನ್‌ನಲ್ಲಿ ಆ ಪುಟ ತಿರುವಿದ ಹುಡುಗನಿಗೆ ಅದು ಎಲ್ಲೂ ಕಾಣದ ಹೊಸ ಜೀವಿಯಾಗಿದ್ದಿರಬೇಕು. ಹಾಗಾದರೆ ಹೊಸತನ ಜೀವಿಯಲ್ಲಿದೆಯೋ, ನೋಡುವವರು ಹಿಂದೆ ಏನೇನು ಕಂಡಿದ್ದಾರೆ ಎಂಬುದರಲ್ಲೋ? ಎರಡನೆಯದಾದರೆ ‘ಇದು ನಾನು ಹುಟ್ಟಿಸಿದ್ದು’ ಎನ್ನುವ ನನ್ನ ಹಕ್ಕು ಬಹಳ ಮಟ್ಟಿಗೆ ಕರಗುತ್ತದೆ.

ಅಕ್ಕನ ಮಗಳು ಈಗ ಸ್ವತಃ ಡಿಎಂ. ಹೂಳನ್ನು ತನ್ನ ಗೆಳತಿಯರಿಗೆ ಆಡಿಸುತ್ತಾಳೆ. ಕರಡಿಯ ಅಂಕಿ ತೆಗೆದುಹಾಕಿ ಬೇರೆ ಹಾಕಿದ್ದಾಳೆ. ಅವಳ ಹೂಳಿಗೆ ಕೆಸರಿನ ಮೈಯೂ ಇಲ್ಲ, ನಲ್ಲಿಯಲ್ಲಿ ಬರುವ ಕಂದು ನೀರು ಮಾತ್ರ. ಅಂಕಿ ಬೇರೆ, ಮೈ ಬೇರೆ, ಕೂತವರು ಬೇರೆ. ‘ಮಾಮ, ಅದು ಅದೇ ಹೂಳು’ ಎಂದು ಅವಳು ಖಂಡಿತವಾಗಿ ಹೇಳುತ್ತಾಳೆ, ನನಗೂ ಹಾಗೇ ಅನಿಸುತ್ತದೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದದ್ದು, ಒಂದು ಕೆರೆ ತನ್ನ ಜಾಗವನ್ನು ಮರಳಿ ಕೇಳುತ್ತಿದೆ ಎಂಬುದಷ್ಟೇ. ಅದೂ ಕಂಡದ್ದರಿಂದ ಕೂಡಿಸಿದ ಒಂದು ವಿಚಾರವೇ ಅಲ್ಲವೆ ಎಂದು ಹ್ಯೂಮ್ ಕೇಳಿದರೆ, ಅಲ್ಲ ಎನ್ನಲು ನನ್ನ ಬಳಿ ಸದ್ಯಕ್ಕೆ ಕಾರಣವಿಲ್ಲ. ಹೌದು ಎನ್ನಲು ಮನಸ್ಸೂ ಇಲ್ಲ.