ಸಸ್ಯಚಿತ್ರಗಳೂ ಋಣವಿಚಾರವೂ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿರುವ ರಾಯಲ್ ಬೊಟಾನಿಕ್ ಗಾರ್ಡನ್ ಎಂಬ ಸಸ್ಯೋದ್ಯಾನದ ಪುಸ್ತಕಭಂಡಾರದಲ್ಲಿ, ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನು ಸಂಗ್ರಹಿಸಿದ ಸಸ್ಯಚಿತ್ರಗಳು ಸಾವಿರಾರು ಸಂಖ್ಯೆಯಲ್ಲಿ ರಕ್ಷಿಸಲ್ಪಟ್ಟಿವೆ. ಅವುಗಳಲ್ಲಿ ಮೊದಮೊದಲಿನವು 1845ನೆಯ ಇಸವಿಯಿಂದೀಚೆಗೆ ಶಿವಮೊಗ್ಗೆಯಲ್ಲಿ ಬರೆಯಲ್ಪಟ್ಟವು. ಹಾಳೆಯ ಮೇಲೆ ಎಲೆ, ಹೂ, ಕಾಯಿಗಳು ಇಂದಿಗೂ ಉಳಿದಿವೆ. ಕುಂಚ ಹಿಡಿದವನ ಹೆಸರು ಮಾತ್ರ ಉಳಿದಿಲ್ಲ.

ಕ್ಲೆಗ್‌ಹಾರ್ನನು 1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದವನು. ಮೈಸೂರು ಸೀಮೆಯು ಆಗ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಅವನು ನೆಲೆಸಿದ ಶಿವಮೊಗ್ಗೆಯು ನಗರ ವಿಭಾಗಕ್ಕೆ ಸೇರಿತ್ತು. ಕೆಳದಿಯ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರೇ ಆ ನಗರ. ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳೆಲ್ಲ ಆ ವಿಭಾಗದವೇ. ಕ್ಯೂ ಸಸ್ಯೋದ್ಯಾನದ ಸರ್ ವಿಲಿಯಂ ಹೂಕರನ ಸಲಹೆಯಂತೆ ಕ್ಲೆಗ್‌ಹಾರ್ನನು ದಿನಕ್ಕೊಂದು ಗಿಡವನ್ನು ಪರೀಕ್ಷಿಸುವ ವ್ರತವನ್ನು ಕೈಕೊಂಡು, ಈ ದೇಶದ ಚಿತ್ರಕಾರನಿಂದ ಅವುಗಳ ಚಿತ್ರಗಳನ್ನು ಬರೆಯಿಸಿದನು. ಈ ಸಂಗ್ರಹವನ್ನು ಕುರಿತು ಹೆನ್ರಿ ನಾಲ್ಟಿ ಎಂಬ ವಿದ್ವಾಂಸರು 2016ರಲ್ಲಿ ಗ್ರಂಥಗಳನ್ನು ಪ್ರಕಟಿಸಿದ್ದಾರೆ.

ಇಂತಹ ಚಿತ್ರಗಳನ್ನು ಕುರಿತು ವಿಚಾರಿಸತಕ್ಕ ಧರ್ಮಸೂಕ್ಷ್ಮವೊಂದುಂಟು: ಇವು ಯಾರವು, ಇವುಗಳಿಗಾಗಿ ಯಾರು ಯಾರಿಗೆ ಋಣಿಗಳು? ನೆಲ ಮಲೆನಾಡಿನದು, ಗಿಡ ಆ ನೆಲದ್ದು, ಕೈ ಈ ದೇಶದ್ದು. ಆದಕಾರಣ ಇವುಗಳನ್ನು ಒಯ್ದದ್ದು ಅಪಹಾರವೆಂದು ಕೆಲವರು ಕೋಪಗೊಳ್ಳುವರು. ಮಳೆಗಾಲದ ಬೂಷ್ಟಿಗೂ ಗೆದ್ದಲಿಗೂ ತುತ್ತಾಗಬೇಕಾಗಿದ್ದ ಹಾಳೆಗಳನ್ನು ಉಳಿಸಿಕೊಟ್ಟವರಿಗೆ ಕೃತಜ್ಞರಾಗಿರತಕ್ಕದ್ದೇ ಹೊರತು ದೂರುವುದು ಸಲ್ಲದೆಂದು ಇನ್ನು ಕೆಲವರು ಹೇಳುವರು. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಅಪೂರ್ಣ.

ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು ಋಣಾದಾನ, ಎರಡನೆಯದು ನಿಕ್ಷೇಪ. ಸಾಲವೂ ಇಡಗಂಟೂ ಹೀಗೆ ಒಂದರ ಪಕ್ಕದಲ್ಲೊಂದು ನಿಂತಿರುವುದು ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಡಗಂಟನ್ನು ಕಾಯ್ದವನು ಶ್ಲಾಘ್ಯನು. ಆದರೆ ಕಾಯ್ದ ಮಾತ್ರಕ್ಕೆ ಒಡೆಯನಾಗುವುದಿಲ್ಲ. ಹಾಗೆಂದು, ಇಟ್ಟವನು ಒಂದು ದಿನವಾದರೂ ಬಂದು ಕೇಳದಿದ್ದರೆ, ಗಂಟು ಹೋಯಿತೆಂದು ಕೂಗುವುದರಲ್ಲಿ ಅರ್ಥವೇನು? ಎಡಿನ್‌ಬರೋದ ಚಿತ್ರಗಳನ್ನು ಮಲೆನಾಡಿನವರು ಯಾರಲ್ಲಿಯೂ ನಂಬಿ ಇಟ್ಟದ್ದಲ್ಲವೆಂಬುದು ನಿಜ. ಆದರೂ ಅವುಗಳಿರುವ ಸಂಗತಿಯನ್ನೇ ಒಂದೂಮುಕ್ಕಾಲು ಶತಮಾನ ಕಾಲ ವಿಚಾರಿಸದೆ ಇದ್ದುದು ಒಯ್ದವರ ತಪ್ಪೊಂದೇ ಅಲ್ಲ.

ಇನ್ನು ಚಿತ್ರಕಾರನ ಮಾತು. ಅವನಿಗೆ ಸಂಬಳ ಸಂದಿತು, ಅಲ್ಲಿಗೆ ಲೆಕ್ಕ ತೀರಿತು ಎನ್ನಬಹುದೇ? ಕೈಗೆಲಸಕ್ಕೆ ಬೆಲೆಯುಂಟು, ಆದರೆ ಎಳೆಯ ಚಿಗುರಿಗೂ ಬಲಿತ ಎಲೆಗೂ ಇರುವ ಹಸುರಿನ ಭೇದವನ್ನು ಕಂಡ ಕಣ್ಣಿಗೆ ಬೆಲೆಯಿಲ್ಲ. ಮದರಾಸಿನ ಸಸ್ಯವಿಜ್ಞಾನಿ ರಾಬರ್ಟ್ ವೈಟನಿಗೆ ಇದು ತಿಳಿದಿತ್ತು. ತನಗೆ ಚಿತ್ರ ಬರೆದುಕೊಟ್ಟ ರಂಗಯ್ಯ, ಗೋವಿಂದು ಎಂಬವರ ಹೆಸರುಗಳನ್ನು ಅವನು ಉಳಿಸಿದನು. ಒಂದು ಸೀತಾಳೆಯ ಜಾತಿಗೆ ಗೋವಿಂದುವಿನ ಹೆಸರನ್ನೇ ಇಟ್ಟನು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸಸ್ಯಚಿತ್ರಗಳನ್ನು ಬರೆದ ಚೆಲುವಯ್ಯ ರಾಜುವಿನ ಹೆಸರೂ ಇಂದು ತಿಳಿದಿದೆ. ಶಿವಮೊಗ್ಗೆಯವನಿಗೆ ಆ ಭಾಗ್ಯ ಬರಲಿಲ್ಲ. ಹೆಸರನ್ನು ಬರೆದಿಡಲು ಒಂದು ಗೆರೆಯ ಶಾಯಿ ಸಾಕಾಗಿತ್ತು.

ಗಿಡಗಳಿಗೆ ಸಂದ ಗೌರವವು ಮನುಷ್ಯರಿಗೆ ಸಲ್ಲದೆ ಹೋದುದಕ್ಕೆ ಇದೊಂದೇ ನಿದರ್ಶನವಲ್ಲ. ಕ್ಲೆಗ್‌ಹಾರ್ನನು 1851ರಲ್ಲಿ, ಉಷ್ಣದೇಶಗಳ ಕಾಡುಗಳು ನಾಶವಾದರೆ ಒದಗುವ ಕೇಡನ್ನು ಬ್ರಿಟಿಷ್ ಅಸೋಸಿಯೇಷನ್ ಎಂಬ ವಿದ್ವತ್ಸಭೆಗೆ ಎಚ್ಚರಿಸಿದವರಲ್ಲಿ ಪ್ರಮುಖನು. 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯಗಳ ಸಂರಕ್ಷಕನಾದನು. ಅದೇ ಅವನು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ನಿಲ್ಲಿಸಬೇಕೆಂದು ವಾದಿಸಿದವನು. ಕಾಡಿನ ಹಿತದೃಷ್ಟಿಯಿಂದ ಆ ವಾದದಲ್ಲಿ ಹುರುಳಿತ್ತು. ಆದರೆ ಕುಮರಿಯೊಂದನ್ನೇ ನಂಬಿದ್ದವರ ಒಲೆಯ ಮಾತು ಆ ದೃಷ್ಟಿಗೆ ಹಿರಿದಾಗಿ ಕಾಣಲಿಲ್ಲ.

ಇಷ್ಟನ್ನು ಓದಿ ಪರಕೀಯರನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ತೀರ್ಥಹಳ್ಳಿ, ಸಾಗರಗಳ ಕಡೆಯ ತೋಟದ ಮನೆಗಳ ಜಗಲಿಯಲ್ಲಿ ತೂಗುಹಾಕಿರುವ ಹಳೆಯ ಛಾಯಾಚಿತ್ರಗಳನ್ನು ಒಮ್ಮೆ ನೋಡಬೇಕು. ಮುಂದೆ ಕುರ್ಚಿಯ ಮೇಲೆ ಕುಳಿತ ಹಿರಿಯರ ಹೆಸರು, ಗೋತ್ರ, ಬಂಧುತ್ವಗಳನ್ನು ಮನೆಯ ಹುಡುಗರೂ ಹೇಳಬಲ್ಲರು. ಅಂಚಿನಲ್ಲಿ ಕೈಕಟ್ಟಿ ನಿಂತ ಆಳಿನ ಹೆಸರೇನೆಂದು ಕೇಳಿದರೆ, ಮನೆಯ ಅಜ್ಜಿಯೊಬ್ಬರಿಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಡಕೆಯ ಮರವೇರಿ ಕೊನೆ ಕೊಯ್ದವನು ಅವನು. ಸೊಪ್ಪಿನ ಬೆಟ್ಟದ ಯಾವ ಗಿಡ ಗೊಬ್ಬರಕ್ಕೆ, ಯಾವ ಬೇರು ಜ್ವರಕ್ಕೆ ಎಂದು ಅರಿತಿದ್ದವನೂ ಬಹುಶಃ ಅವನೇ. ಶಿವಮೊಗ್ಗೆಯ ಚಿತ್ರಕಾರನನ್ನು ಮರೆತ ಕ್ಲೆಗ್‌ಹಾರ್ನನಿಗೂ ಆ ಮನೆಯ ಯಜಮಾನರಿಗೂ ಈ ಒಂದು ವಿಷಯದಲ್ಲಿ ಭೇದವೇನು?

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ ಶರಾವತಿಯ ನೀರು ನಿಂತಾಗ, ಸಾಗರ ಹೊಸನಗರಗಳ ಊರುಗಳೂ ಗದ್ದೆತೋಟಗಳೂ ಕಾಡುಗಳೂ ಅದರಡಿ ಸೇರಿದವು. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರದ ಕಟ್ಟೆಯೇ ಆ ನೀರಿನಲ್ಲಿ ಮುಳುಗಿತು. ನಾಡಿಗೆ ಬೆಳಕಾಯಿತೆಂಬುದು ಸುಳ್ಳಲ್ಲ. ಆದರೆ ಆ ನೀರನ್ನು ನಿಲ್ಲಿಸಿದವರು ಹೊರಗಿನವರಲ್ಲ. ಅಲ್ಲಿನ ಹೊಳೆದಂಡೆಯ ಗಿಡಗಳನ್ನು ಹೆಸರಿಡಿದು ಗುರುತಿಸಬಲ್ಲವರು ಒಬ್ಬೊಬ್ಬರಾಗಿ ಕಾಲವಾಗುತ್ತಿರುವಾಗ, ಕೇಳಿ ಬರೆದಿಟ್ಟುಕೊಳ್ಳುವ ಹೊಣೆಯನ್ನು ಯಾವ ಕಂಪನಿಯ ಮೇಲೂ ಹೊರಿಸುವಂತಿಲ್ಲ.

ಹಿರಿಯರು ಹೇಳಿದ ಮೂರು ಋಣಗಳಲ್ಲಿ ಋಷಿಋಣವು ದ್ರವ್ಯದಿಂದ ತೀರುವುದಲ್ಲ, ಅಧ್ಯಯನದಿಂದ ತೀರತಕ್ಕದ್ದು. ಆ ಚಿತ್ರಗಳು ಕಡಲು ದಾಟಿ ಹಿಂದಿರುಗಿದರೂ, ಅವುಗಳಲ್ಲಿರುವ ಗಿಡವನ್ನು ಬೇಲಿಯಲ್ಲಿ ಗುರುತಿಸುವ ಕಣ್ಣು ಇಲ್ಲವಾದರೆ, ಹಿಂದಿರುಗಿದ್ದು ಕಾಗದ ಮಾತ್ರ. ಹಾಳೆಗಳು ಅಲ್ಲಿಯೇ ಇದ್ದರೂ, ಅವುಗಳ ಪ್ರತಿಗಳನ್ನು ತರಿಸಿ, ಒಂದೊಂದು ಗಿಡಕ್ಕೂ ಮಲೆನಾಡಿನ ಹೆಸರನ್ನು ಬಲ್ಲವರಿಂದ ಕೇಳಿ, ಹೇಳಿದವರ ಹೆಸರನ್ನೂ ಜೊತೆಯಲ್ಲಿಯೇ ಬರೆದಿಟ್ಟರೆ, ಋಣದ ಒಂದಂಶವಾದರೂ ಸಂದಂತೆ. ಶಿವಮೊಗ್ಗೆಯ ಚಿತ್ರಕಾರನ ಹೆಸರು ಇನ್ನು ದೊರೆಯದೆ ಹೋಗಬಹುದು. ಜಗಲಿಯ ಛಾಯಾಚಿತ್ರದ ಅಂಚಿನಲ್ಲಿ ನಿಂತವನ ಹೆಸರು ಇನ್ನೂ ಒಬ್ಬಿಬ್ಬರ ನಾಲಗೆಯ ಮೇಲೆ ಇದೆ. ಅದನ್ನು ಕೇಳಿಕೊಳ್ಳುವುದಕ್ಕೆ ಎಡಿನ್‌ಬರೋದವರೆಗೆ ಹೋಗಬೇಕಾಗಿಲ್ಲ. ಒಳಮನೆಯವರೆಗೆ ಹೋದರೆ ಸಾಕು.